ಏಳುನೂರು ಕುದುರೆ, ಅತ್ತೆಯೂ ಸೇರಿ

ಎಲಿಸೆಯೊ ಕಾಂತು ತನ್ನ ಪಿಕಪ್ಪಿನ ಹಿಂದಿನ ಗಾಜಿಗೆ ‘700’ ಎಂದು ಗೇಣುದ್ದದ ಬಿಳಿ ಅಂಕಿಗಳನ್ನು ಅಂಟಿಸಿ ವರ್ಷಗಳೇ ಕಳೆದಿದ್ದವು. ಅದು ಎಂಜಿನ್ನಿನ ಹಾರ್ಸ್‌ಪವರು. ಲಾ ನೊರಿಯಾ ಊರಿನ ಗಂಡಸರು ತಮ್ಮ ಹೊಟ್ಟೆಯ ಸುತ್ತಳತೆ, ಹಿಡಿದ ಮೀನಿನ ಉದ್ದ, ಗಾಡಿಯ ಕುದುರೆಗಳ ಸಂಖ್ಯೆ ಈ ಮೂರನ್ನೂ ನಿಜ ಹೇಳುವವರಲ್ಲ. ಮೊದಲನೆಯದನ್ನು ಇಳಿಸಿ ಹೇಳುತ್ತಾರೆ, ಉಳಿದೆರಡನ್ನು ಏರಿಸಿ ಹೇಳುತ್ತಾರೆ. ಎಲಿಸೆಯೊ ಮಾತ್ರ ಹಾಗಲ್ಲ, ಲೆಕ್ಕ ಹಾಕಿ ಹೇಳಿದವನು. ಲೆಕ್ಕ ಹಾಕಿದವನ ಸೊಕ್ಕೇ ಬೇರೆ. ಯಾರಾದರೂ ಆ ಅಂಕಿ ನೋಡಿ ಹುಬ್ಬೇರಿಸಿದರೆ ಸಾಕು, ವೇಗ, ತೂಕ, ಗುಣಾಕಾರ, ಭಾಗಾಕಾರ ಎಲ್ಲವನ್ನೂ ಅವರು ಬೇಡಬೇಡವೆಂದರೂ ಒಪ್ಪಿಸಿಯೇ ಬಿಡುತ್ತಿದ್ದ.

ಗಾಡಿ ಹಳೆಯದು. ಎರಡೇ ಬಾಗಿಲು, ಒಳಗೆ ಒಂದೇ ಉದ್ದನೆಯ ಸೀಟು, ಹಿಂದೆ ಗಿಡ್ಡ ತೊಟ್ಟಿ. ನೆಲಕ್ಕೆ ತಾಗುವಷ್ಟು ಕೆಳಗಿಳಿಸಿದ ಮೈಗೆ ಮಾಗಿದ ಸೀಬೆಯ ಒಳಗಿನ ಬಣ್ಣ. ಮಗಳು ಅರಸೇಲಿಗೆ ಮುಂದಿನ ಹಲ್ಲು ಬಿದ್ದಿದ್ದ ವಯಸ್ಸಿನಲ್ಲಿ ಅದನ್ನು ಕಿತ್ತಳೆ ತೋಟದವರೊಬ್ಬರ ಕೊಟ್ಟಿಗೆಯಿಂದ ಎಂಜಿನ್ ಇಲ್ಲದೆಯೇ ಎಳೆದು ತಂದಿದ್ದ. ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಸಂಜೆಯಾದ ಮೇಲೆ ಅಪ್ಪ ಮಗಳು ಸೇರಿ ಪಿಕಪ್ಪಿಗೆ ಒಂದೊಂದೇ ಅಂಗ ಜೋಡಿಸಿದರು. ಅವನು ಕೈ ಚಾಚಿದರೆ ಸಾಕು, ಕೇಳುವ ಮೊದಲೇ ಸರಿಯಾದ ಸ್ಪ್ಯಾನರ್ ಅಂಗೈಗೆ ಬಂದು ಬೀಳುತ್ತಿತ್ತು. ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಕೂರಿಸಿ ಮೊದಲ ಸಲ ಚಾಲೂ ಮಾಡಿದ ದಿನ ಆ ಹುಡುಗಿ ಕಿವಿ ಮುಚ್ಚಿಕೊಂಡು, “ಅಪ್ಪಾ, ನನ್ನ ಮದುವೆಗೆ ಚರ್ಚಿಗೆ ಇದ್ರಲ್ಲೇ ಹೋಗೋದು!” ಎಂದು ಕೂಗಿದ್ದಳು. ಅವಳು ಅದನ್ನು ಆ ವಾರವೇ ಮರೆತಿರಬಹುದು. ಅವನು ಮರೆತಿರಲಿಲ್ಲ.

ಈಗ ಅರಸೇಲಿ ಅದೇ ಶೆಡ್ಡಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸುತ್ತಲ ಹತ್ತು ಊರಿನ ಪಿಕಪ್ಪುಗಳನ್ನು ಟ್ಯೂನ್ ಮಾಡುತ್ತಾಳೆ. ಅಪ್ಪನ ಗಾಡಿಯ ಹತ್ತಿರಕ್ಕೆ ಮಾತ್ರ ಲ್ಯಾಪ್‌ಟಾಪ್ ತರುವಂತಿಲ್ಲ. “ಇದನ್ನ ನಾನು ಕಿವೀಲೇ ಟ್ಯೂನ್ ಮಾಡೋದು” ಎಂದು ಅವನ ಹಟ. ಅವಳ ಮದುವೆ ಈರುಳ್ಳಿ ಮಂಡಿಯ ಬಾಲ್ದೊಮೆರೊ ತ್ರೆವಿನ್ಯೊನ ಮಗ ನೆಸ್ತೊರ್ ಜೊತೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನು, ಕಡಿಮೆ ಮಾತಿನವನು. ಆ ಮನೆಯಲ್ಲಿ ಮಾತೆಲ್ಲ ಅಪ್ಪನ ಪಾಲಿಗೇ ಹೋಗಿತ್ತು.

ಗಂಡಿನ ಕಡೆಯವರು ಹೆಣ್ಣು ಕೇಳಲು ಬಂದ ದಿನ ಊಟದ ನಡುವೆ ಬಾಲ್ದೊಮೆರೊ ಕೈ ಒರೆಸಿಕೊಂಡು ಶುರು ಮಾಡಿದ.

“ಬೀಗ್ರೇ, ಒಂದು ವಿಷ್ಯ ಈಗ್ಲೇ ಹೇಳ್ಬಿಡ್ತೀನಿ. ನಮ್ಮನೇಲಿ ಸೊಸೆ ಚರ್ಚಿಗೆ ಬರೋದು ನಮ್ಮ ಗಾಡೀಲೇ. ನಮ್ಮಜ್ಜಿ ಈರುಳ್ಳಿ ಲಾರೀಲಿ ಬಂದ್ಳು. ನನ್ನ ಹೆಂಡ್ತಿ ಜೋರು ಮಳೇಲಿ ಟ್ರ್ಯಾಕ್ಟರಲ್ಲಿ ಬಂದ್ಳು. ನಿಮ್ಮ ಮಗ್ಳಿಗೆ ಅಂಥ ಕಷ್ಟ ಇಲ್ಲ. ನನ್ನ ಹೊಸ ಪಿಕಪ್ಪಲ್ಲಿ ಏಸಿ ಹಾಕ್ಕೊಂಡು ರಾಣಿ ಥರ ಬರ್ತಾಳೆ.”

ಎಲಿಸೆಯೊ ಕೈಯಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ನೀರು ಕುಡಿದು, “ನನ್ನ ಮಗ್ಳು ನನ್ನ ಗಾಡೀಲಿ ಬರ್ತಾಳೆ” ಎಂದ.

“ಬರ್ಲಿ ಬೀಗ್ರೇ, ನಾನು ಬೇಡ ಅಂತೀನಾ? ಆದ್ರೆ ಆ ಗಾಡಿ ಚರ್ಚ್‌ವರ್ಗೂ ಬರುತ್ತಾ ಅಂತ.”

“ಏಳ್ನೂರು ಕುದ್ರೆ ಇದೆ ಅದ್ರಲ್ಲಿ!”

“ಮೇವು ಯಾರು ಹಾಕ್ತಾರೆ?”

ಮಾತಿಗೆ ಮಾತು ಬೆಳೆಯಿತು. ಎಲಿಸೆಯೊನ ಹೆಂಡತಿ ಮಿನೆರ್ವಾ ಎರಡು ಸಲ ಪಾಯಸ ತಂದಿಟ್ಟರೂ ಯಾರ ಬಾಯಿಗೂ ಸಿಹಿ ಹತ್ತಲಿಲ್ಲ. ಕೊನೆಗೆ ಎಲ್ಲರೂ ಅರಸೇಲಿಯ ಮುಖ ನೋಡಿದರು.

“ನನ್ನ ಕೇಳ್ಬೇಡಿ,” ಎಂದಳು ಅವಳು. “ಒಬ್ರಿಗೆ ಹೂಂ ಅಂದ್ರೆ ಇನ್ನೊಬ್ರು ನನ್ನ ಮೊಮ್ಮಕ್ಕಳ ಹತ್ರಾನೂ ಹೇಳ್ಕೊಂಡು ಅಳ್ತೀರ.”

ಆಗ ಮೂಲೆಯಲ್ಲಿ ಕೂತಿದ್ದ ತೆಂಚಾ ಅಜ್ಜಿ ಬಾಯಿ ಬಿಟ್ಟರು. ಅವರು ಮಿನೆರ್ವಾಳ ತಾಯಿ, ಎಲಿಸೆಯೊನ ಅತ್ತೆ. ಎತ್ತರ ಕಡಿಮೆ, ಅಗಲ ಜಾಸ್ತಿ. ಕೂತಲ್ಲಿಂದಲೇ ಮನೆ ನಡೆಸುವವರು. “ಇಬ್ರಿಗೂ ಬಾಯಿದೆ, ಇಬ್ರಿಗೂ ಗಾಡಿ ಇದೆ,” ಎಂದರು. “ಬಾಯಿ ಮುಚ್ಚಿ ಗಾಡಿ ಓಡ್ಸಿ. ಗೆದ್ದೋನು ಹುಡ್ಗೀನ ಕರ್ಕೊಂಡು ಬರ್ಲಿ. ಈಗ ಪಾಯಸ ತಿನ್ನಿ, ಆರೋಗ್ತಿದೆ.”

ಹಾಗೆ ಪಂದ್ಯ ಗೊತ್ತಾಯಿತು. ಮದುವೆಗೆ ಮುಂಚಿನ ಭಾನುವಾರ, ಪೂಜೆ ಮುಗಿದ ಮೇಲೆ, ಕಬ್ಬಿನ ಗದ್ದೆಗಳಾಚೆಯ ಹಳೆಯ ವಿಮಾನ ಪಟ್ಟಿಯಲ್ಲಿ. ಬೆಳೆಗೆ ಔಷಧಿ ಸಿಂಪಡಿಸುವ ಪುಟ್ಟ ವಿಮಾನಗಳು ಇಳಿಯುತ್ತಿದ್ದ ಆ ಪಟ್ಟಿಯಲ್ಲಿ ಈಗ ಪಿಕಪ್ಪುಗಳು ಓಡುತ್ತವೆ.

ಶನಿವಾರ ಶೆಡ್ಡಿನಲ್ಲಿ ಅರಸೇಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಈ ಸಲ ಅಪ್ಪ ತಡೆಯಲಿಲ್ಲ. ತೆಂಚಾ ಅಜ್ಜಿ ಅಡುಗೆಮನೆಯ ಸೆಖೆ ತಾಳಲಾರದೆ ತಮ್ಮ ಸರಂಜಾಮನ್ನೆಲ್ಲ ಶೆಡ್ಡಿನ ನೆರಳಿಗೇ ತಂದಿದ್ದರು. ನೆನೆಸಿದ ಮೆಕ್ಕೆಜೋಳದ ಸಿಪ್ಪೆಗಳ ಮೇಲೆ ಹಿಟ್ಟು ಸವರಿ, ಮಾಂಸದ ಪಲ್ಯ ಇಟ್ಟು ಮಡಿಚಿ, ಹಬೆಯಲ್ಲಿ ಬೇಯಿಸುವ ತಮಾಲೆ ಕಟ್ಟುತ್ತಿದ್ದರು. ಮದುವೆಗೆ ನೂರಾರು ಬೇಕು, ಈಗಿನಿಂದಲೇ ಕಟ್ಟಿ ಫ್ರೀಜರಿಗೆ ತುಂಬಬೇಕು.

“ಅಪ್ಪಾ, ನಿಮ್ಮ ಗಾಡಿ ಯಾವತ್ತೂ ಸೋಲೋದು ಎಲ್ಲಿ ಹೇಳಿ?” ಅರಸೇಲಿ ಕೇಳಿದಳು.

“ಸೋಲೋದಾ? ಜನ ನಿಂತು ಚಪ್ಪಾಳೆ ಹೊಡೀತಾರೆ.”

“ಹೊಗೆಗೆ ಹೊಡೀತಾರೆ. ಓಟ ಶುರುವಾದ ಕೂಡ್ಲೇ ಹಿಂದಿನ ಚಕ್ರ ಗಿರಗಿರ ತಿರುಗಿ ಮೋಡದಂಥ ಹೊಗೆ ಎದ್ದುಬಿಡುತ್ತೆ. ಆ ಹೊಗೆ ಅಂದ್ರೆ ಓಡಿಹೋದ ಕುದ್ರೆ ಅಪ್ಪಾ. ಪಿಕಪ್ ಅನ್ನೋದು ಹಿಂದೆ ಭಾರ ಹೊರೋಕೆ ಹುಟ್ಟಿದ ಗಾಡಿ. ತೊಟ್ಟಿ ಖಾಲಿ ಬಿಟ್ಟು ಏಳ್ನೂರು ಕುದ್ರೇನ ಒಂದೇ ಸಲಕ್ಕೆ ಬಿಚ್ಚಿದ್ರೆ ಟಯರು ನೆಲ ಹಿಡಿಯೋದಾದ್ರೂ ಹೇಗೆ?” ಎಂದು ಅವಳು ಟರ್ಬೊ ಕಡೆ ಬೆರಳು ತೋರಿಸಿದಳು. “ಮೊದಲು ಎಷ್ಟು ಬಿಡ್ಬೇಕು, ಆಮೇಲೆ ಎಷ್ಟು ಬಿಡ್ಬೇಕು ಅಂತ ನಾನು ಕೂರಿಸ್ಬೇಕು. ಅದಕ್ಕೆ ಒಟ್ಟು ಎಷ್ಟಿದೆ ಅಂತ ಸರಿಯಾಗಿ ಗೊತ್ತಾಗ್ಬೇಕು. ಆ ಏಳ್ನೂರು ಹೇಗೆ ಬಂತು?”

ಕೇಳಿದ್ದೇ ತಡ, ಎಲಿಸೆಯೊ ಎದೆ ಉಬ್ಬಿಸಿದ. ಪಟ್ಟಿಯ ಕೊನೆಯಲ್ಲಿ ಗಾಡಿಯ ವೇಗ ಎಷ್ಟಿತ್ತೋ ಅದನ್ನು ಅದರಿಂದಲೇ ಎರಡು ಸಲ ಗುಣಿಸಬೇಕು, ಬಂದದ್ದನ್ನು ಗಾಡಿಯ ತೂಕದಿಂದ ಗುಣಿಸಬೇಕು, ಆಮೇಲೆ ಎಲ್ಲರಿಗೂ ಗೊತ್ತಿರುವ ಒಂದು ಅಂಕಿಯಿಂದ ಭಾಗಿಸಬೇಕು. ಲೆಕ್ಕದಲ್ಲಿ ಒಂದು ಕೂದಲೆಳೆ ತಪ್ಪಿಲ್ಲ. ಅರಸೇಲಿಯೂ ತಲೆಯಾಡಿಸಿದಳು, ಅವಳು ಹಾಕುವುದೂ ಅದೇ ಲೆಕ್ಕ.

“ತೂಕ ಎಷ್ಟು ಅಂತ ಹಾಕಿದ್ರಿ?”

“ನಾಲ್ಕೂವರೆ ಸಾವಿರ ಪೌಂಡು.”

ಅರಸೇಲಿಯ ಬೆರಳು ಕೀಲಿಮಣೆಯ ಮೇಲೆ ನಿಂತಿತು. “ಈ ಗಿಡ್ಡ ಗಾಡೀನಾ? ಎಲ್ಲಿ ತೂಗ್ಸಿದ್ರಿ?”

“ಗುಜರಿಯವನ ವೇಬ್ರಿಡ್ಜಲ್ಲಿ. ಆ ವರ್ಷ ಈಸ್ಟರಿಗೆ ನದಿ ಹತ್ರ ಹೋಗೋವಾಗ ದಾರೀಲೇ ಸಿಕ್ತಲ್ಲ, ಹತ್ತಿಸಿ ಇಳಿಸ್ದೆ. ಮಾರನೇ ದಿನ ಪಟ್ಟೀಲಿ ಓಡ್ಸಿ ವೇಗ ನೋಡ್ದೆ.”

“ಯಾವ ಈಸ್ಟರು?” ತೆಂಚಾ ಅಜ್ಜಿ ತಲೆ ಎತ್ತಿದರು. “ನಮ್ಮಕ್ಕ ಚೋನಾ ಬಂದಿದ್ಲಲ್ಲ, ಅವತ್ತಾ? ಅವತ್ತು ಹಿಂದೆ ತೊಟ್ಟೀಲಿ ನಾನು ಕೂತಿದ್ದೆ!”

 ಎಲಿಸೆಯೊ ನಿಧಾನವಾಗಿ ತಿರುಗಿದ.

“ತೂಗೋವಾಗ ನೀವು ಇಳಿದಿದ್ರಿ ಅಲ್ವಾ ಅತ್ತೆ?”

“ಯಾಕೆ ಇಳೀಲಿ? ಇಳೀರಿ ಅಂತ ನೀನು ಅಂದ್ಯಾ? ಬಿಸಿಬಿಸಿ ತಮಾಲೆ ಪಾತ್ರೆ ಕಾಲ್ಗಳ ಮಧ್ಯ ಹಿಡ್ಕೊಂಡು ಕೂತಿದ್ದೆ. ಪಕ್ಕದಲ್ಲಿ ಚೋನಾ, ನಿಂಗೆ ಗೊತ್ತಲ್ಲ ಅವ್ಳ ಗಾತ್ರ. ಎರಡು ಐಸ್ ಪೆಟ್ಟಿಗೆ, ಸುಡೋಕೆ ಕಟ್ಟಿಗೆ ಹೊರೆ, ಆಡಿನ ಮರಿ ಎರಡು, ಮುಂದೆ ನಿನ್ನ ಪಕ್ಕ ಮಿನೆರ್ವಾ, ಅವಳ ತೊಡೆ ಮೇಲೆ ಈ ಹುಡ್ಗಿ.”

ಅರಸೇಲಿಗೆ ನಗು ತಡೆಯಲಾಗದೆ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಹಣೆ ಇಟ್ಟಳು. ಸಂಸಾರ ಸಮೇತ ತೂಗಿಸಿ, ಮಾರನೆಯ ದಿನ ಖಾಲಿ ಗಾಡಿ ಓಡಿಸಿ, ಆ ತೂಕಕ್ಕೆ ಈ ವೇಗ ಸೇರಿಸಿ ಬಂದದ್ದು ಏಳುನೂರು. ಈಸ್ಟರಿನ ಊಟಕ್ಕೆ ಹೊರಟ ಸಂಸಾರವೆಲ್ಲ ಅಷ್ಟು ವರ್ಷ ಎಂಜಿನ್ನಿನೊಳಗೆ ಕುದುರೆಗಳಾಗಿ ಕೂತಿತ್ತು.

ಆ ಗಳಿಗೆಯಲ್ಲೇ ಗಾಡಿಯನ್ನು ಗುಜರಿಗೆ ಒಯ್ದರು. ಈ ಸಲ ಎಲಿಸೆಯೊ ಒಬ್ಬನೇ ಒಳಗೆ ಕೂತ, ಕಾಲ ಬಳಿ ಬಿದ್ದಿದ್ದ ಸೋಡಾ ಬಾಟಲಿಯನ್ನೂ ಅರಸೇಲಿ ತೆಗೆಸಿದಳು. ಮೂರು ಸಾವಿರದ ಆರುನೂರು ಪೌಂಡು. ವಾಪಸು ಬರುವ ದಾರಿಯಲ್ಲಿ ಅವಳು ಬಾಯಲ್ಲೇ ಲೆಕ್ಕ ಹಾಕಿ ಮೆಲ್ಲಗೆ ಹೇಳಿದಳು, “ಐನೂರ ಅರವತ್ತು ಅಪ್ಪಾ.”

ಅಂಗಳದಲ್ಲಿ ಕಾಯುತ್ತಿದ್ದ ತೆಂಚಾ ಅಜ್ಜಿ ಅಂಕಿ ಕೇಳಿ ಬೆರಳು ಮಡಿಚಿ ಎಣಿಸಿದರು. “ಹಂಗಾದ್ರೆ ನೂರ ನಲವತ್ತು ಕುದ್ರೆ ನಮ್ದು! ಅದ್ರಲ್ಲಿ ನಂದೇ ನಲವತ್ತು ಇದ್ದೀತು. ಇಷ್ಟು ವರ್ಷ ನಂಗೆ ಒಂದು ಮಾತು ಹೇಳ್ಲಿಲ್ವಲ್ಲ ಅಳಿಯಂದ್ರೇ?”

ಎಲಿಸೆಯೊಗೆ ನಗು ಬರಲಿಲ್ಲ. ಹೆಂಗಸರು ಎಷ್ಟು ನಕ್ಕರೋ ಅವನ ಮುಖ ಅಷ್ಟು ಸಣ್ಣದಾಯಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಗಾಜಿನ ಮೇಲಿನ ಅಂಕಿಗಳನ್ನೇ ನೋಡಿದ. ಎಷ್ಟು ಜನರೆದುರು ಎಷ್ಟು ಜೋರಾಗಿ ಹೇಳಿದ್ದ! ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಒಮ್ಮೆ ಸತ್ತವರ ಮನೆಯಲ್ಲೂ ಹೇಳಿದ್ದ. “ಯಾರಿಗೂ ಹೇಳ್ಬೇಡಿ,” ಎಂದ, ಗೋಡೆಗೆ ಹೇಳಿದ ಹಾಗೆ.

“ನಾಳೆ ಪಟ್ಟೀಲಿ ಕೇಳ್ತಾರಲ್ಲ ಅಪ್ಪಾ,” ಎಂದಳು ಅರಸೇಲಿ. ಅವಳ ನಗು ನಿಂತಿತ್ತು.

ಅದು ಆ ಪಟ್ಟಿಯ ರೂಢಿ. ಓಟಕ್ಕೆ ಮುಂಚೆ ಇಬ್ಬರೂ ಎಲ್ಲರೆದುರು ತಮ್ಮ ಗಾಡಿಗೆ ಎಷ್ಟು ಕುದುರೆ ಎಂದು ಹೇಳಬೇಕು. ಕಡಿಮೆ ಇರುವವನಿಗೆ ಒಂದು ಗಾಡಿ ಉದ್ದದಷ್ಟು ಮುಂದೆ ನಿಲ್ಲುವ ಹಕ್ಕು. ಹಾಗಾಗಿ ವರ್ಷವಿಡೀ ಕುದುರೆ ಏರಿಸಿ ಹೇಳಿದ ಬಾಯಿಗಳು ಆ ಒಂದು ಗಳಿಗೆ ಮಾತ್ರ ಇಳಿಸಿ ಹೇಳುತ್ತವೆ. ಗಾಜಿನ ಮೇಲೆ ಅಂಟಿಸಿಕೊಂಡವನಿಗೆ ಆ ಅನುಕೂಲವೂ ಇಲ್ಲ.

“ಬಾಲ್ದೊಮೆರೊ ಮಾವ ಒಂದು ವಾರದಿಂದ ‘ನಂದು ಬರೀ ಐನೂರು, ಪಾಪದ ಗಾಡಿ’ ಅಂತ ಊರೆಲ್ಲ ಹೇಳ್ಕೊಂಡು ಬರ್ತಿದಾರೆ,” ಎಂದಳು ಅರಸೇಲಿ. “ನಾಳೆ ನಿಮ್ಮ ಹತ್ರ ಒಂದು ಗಾಡಿ ಉದ್ದ ಕೇಳ್ತಾರೆ.”

“ಕೇಳ್ಲಿ. ಕೊಟ್ಟೂ ಗೆಲ್ತೀನಿ.”

“ಕೊಡಿ,” ಎಂದಳು ಮಗಳು. “ಆಮೇಲೆ ನಾನು ಅವರ ಗಾಡೀಲಿ ಏಸಿ ಹಾಕ್ಕೊಂಡು ಬರ್ತೀನಿ.”

ಅಷ್ಟು ಹೇಳಿ ಅವಳು ಕೆಲಸಕ್ಕೆ ತೊಡಗಿದಳು. ಹೋದ ವರ್ಷದ ಚಂಡಮಾರುತಕ್ಕೆಂದು ಬಾಗಿಲಿಗೆ ಅಡ್ಡ ಹಾಕಿದ್ದ ಮರಳಿನ ಚೀಲಗಳು ಇನ್ನೂ ಹಿತ್ತಲಲ್ಲಿದ್ದವು. ಅವನ್ನು ತೊಟ್ಟಿಯಲ್ಲಿ, ಹಿಂದಿನ ಆಕ್ಸಲಿನ ನೇರ ಮೇಲಕ್ಕೆ ಸಾಲಾಗಿ ಇಟ್ಟು ಪಟ್ಟಿಗಳಿಂದ ಬಿಗಿದಳು. ಹಿಂದಿನ ಟಯರುಗಳ ಗಾಳಿ ಇಳಿಸಿದಳು. ಎಲಿಸೆಯೊ ಕೈ ಕಟ್ಟಿ ನಿಂತಿದ್ದವನು ತಡೆಯಲಾರದೆ, “ಭಾರ ಹಾಕಿದ್ರೆ ಗಾಡಿ ನಿಧಾನ ಆಗಲ್ವಾ?” ಎಂದ.

“ಕೊನೇಲಿ ಸ್ವಲ್ಪ ಆಗುತ್ತೆ. ಆದ್ರೆ ಚಕ್ರ ನೆಲ ಕಚ್ಚದಿದ್ರೆ ಓಟ ಶುರುವಾಗೋದೇ ಇಲ್ಲ. ಗಾಳಿ ಇಳಿದ ಟಯರು ಅಗಲವಾಗಿ ಕೂರುತ್ತೆ, ಮರಳು ಅದನ್ನ ಒತ್ತಿ ಹಿಡಿಯುತ್ತೆ, ಟರ್ಬೊ ಮೊದಲು ಮೆಲ್ಲಗೆ ಊದೋ ಹಾಗೆ ನಾನು ಕೂರಿಸ್ತೀನಿ. ಉಳಿದಿದ್ದು ನಿಮ್ಮ ಕಾಲು. ಪಟ್ಟೀಲಿ ಗುರುತಿಗೆ ಇಟ್ಟಿರೋ ಮೊದಲನೇ ಕೋನ್‌ವರ್ಗೂ ಅರ್ಧ ಪೆಡಲು ಅಷ್ಟೇ. ಆಮೇಲೆ ಪೂರ್ತಿ.”

“ಅರ್ಧ!” ಎಲಿಸೆಯೊ ಬೈಗುಳ ಕೇಳಿದವನಂತೆ ಬೆಚ್ಚಿದ. ಅವನ ಬಲಗಾಲಿಗೆ ಅರ್ಧ ಎನ್ನುವುದು ಗೊತ್ತೇ ಇರಲಿಲ್ಲ.

“ನಾನು ಹಿಂದೆ ಪಾತ್ರೆ ಹಿಡ್ಕೊಂಡು ಕೂತಿದೀನಿ ಅಂದ್ಕೋ,” ಎಂದರು ತೆಂಚಾ ಅಜ್ಜಿ ಹಿಟ್ಟಿನ ಕೈಯಲ್ಲೇ. “ಅವತ್ತು ಈಸ್ಟರಿಗೆ ಹೆಂಗೆ ಓಡಿಸ್ದೆ? ಒಂದು ಸಲ ಜೋರಾಗಿ ಒತ್ತಿದೆ, ನಾನು ಗಾಜು ಬಡಿದು ಬೈದೆ. ಆಮೇಲೆ ನದಿ ತನಕ ಪಾತ್ರೆ ತಳದ ಬಿಸಿನೀರು ಒಂದು ತೊಟ್ಟೂ ಚೆಲ್ಲಿಲ್ಲ. ನಾಳೇನೂ ಹಂಗೇ ಓಡ್ಸು.”

ಭಾನುವಾರ ಊರಿಗೆ ಊರೇ ಪಟ್ಟಿಯ ಬಳಿ ನೆರೆದಿತ್ತು. ಪೂಜೆಯ ಬಟ್ಟೆಯಲ್ಲೇ ಬಂದವರು, ಪಿಕಪ್ಪುಗಳ ತೊಟ್ಟಿಗಳಲ್ಲಿ ಕುರ್ಚಿ ಹಾಕಿ ಕೂತ ಮುದುಕಿಯರು, ಮಾಂಸ ಸುಡುವ ಒಲೆಗಳು, ಒಂದರ ಹಾಡು ಇನ್ನೊಂದರ ಹಾಡನ್ನು ನುಂಗುವ ಸ್ಪೀಕರುಗಳು. ಕಡಲ ಕಡೆಯ ಗಾಳಿ ಕಬ್ಬಿನ ಸೋಗೆಯನ್ನು ಒಂದೇ ದಿಕ್ಕಿಗೆ ಬಾಗಿಸುತ್ತಿತ್ತು, ಪಟ್ಟಿಯ ಮೇಲೆ ತೆಳ್ಳಗೆ ದೂಳು ಎಳೆಯುತ್ತಿತ್ತು. ಅರಸೇಲಿ ಬಗ್ಗಿ ನೆಲ ಸವರಿ ನೋಡಿ ಬೆರಳು ಉಜ್ಜಿಕೊಂಡಳು. ಟಯರಿಗೆ ಹಿಡಿತ ಸುಲಭಕ್ಕೆ ಸಿಗುವ ದಿನ ಅದಾಗಿರಲಿಲ್ಲ.

ಬಾಲ್ದೊಮೆರೊನ ಕರಿ ಪಿಕಪ್ಪು ಕನ್ನಡಿಯಂತೆ ಹೊಳೆಯುತ್ತ ಬಂದು ನಿಂತಿತು. ಓಟ ನಡೆಸುವವನು ಎಉಸೆಬಿಯೊ, ಪಟ್ಟಿಯ ಹಳೆಯ ಪೈಲಟ್. ಹುಲ್ಲಿನ ಟೋಪಿಯನ್ನು ತಲೆಯಿಂದ ತೆಗೆದು ನೆಲಕ್ಕೆ ಬೀಳಿಸಿದರೆ ಓಟ ಶುರುವಾದ ಹಾಗೆ.

“ಕುದುರೆ ಹೇಳಿ,” ಎಂದ ಎಉಸೆಬಿಯೊ.

“ಐನೂರು,” ಎಂದ ಬಾಲ್ದೊಮೆರೊ ಮುಖ ಸಪ್ಪಗೆ ಮಾಡಿಕೊಂಡು. “ಅದೂ ಗಾಳಿ ಹಿಂದಿನಿಂದ ಬೀಸಿದ್ರೆ.”

ಎಉಸೆಬಿಯೊ ಎಲಿಸೆಯೊನನ್ನು ಕೇಳಲೂ ಇಲ್ಲ, ಗಾಜಿನ ಕಡೆ ನೋಡಿದ.

“ಒಂದು ಗಾಡಿ ಉದ್ದ ಕೊಡಿ ಬೀಗ್ರೇ,” ಬಾಲ್ದೊಮೆರೊ ಕೈ ಮುಂದೆ ಚಾಚಿದ. “ಬಡವನಿಗೆ ದಾನ.”

ಜನ ನಕ್ಕರು. ಎಲಿಸೆಯೊ ಮಗಳ ಕಡೆ ನೋಡಿದ. ಅವಳು ಗಾಡಿಯ ಬಾಗಿಲಿಗೆ ಒರಗಿ, ಚಿಕ್ಕಂದಿನಲ್ಲಿ ಸ್ಪ್ಯಾನರ್ ಹಿಡಿದು ಕಾಯುತ್ತಿದ್ದ ಹಾಗೆ ಸುಮ್ಮನೆ ಕಾಯುತ್ತಿದ್ದಳು.  ಈ ಹುಡುಗಿಯನ್ನು ಚರ್ಚಿನವರೆಗೆ ಕರೆದೊಯ್ಯುವುದಕ್ಕಿಂತ ಆ ಮೂರು ಅಂಕಿಗಳು ತನಗೆ ಹೆಚ್ಚಾದವೇ ಎಂದು ಅವನಿಗೆ ತನ್ನ ಮೇಲೆಯೇ ರೇಗಿತು. ಜೇಬಿನಿಂದ ಪಂಪಿನ ಗ್ಯಾಸ್ಕೆಟ್ ಕೆರೆಯುವ ಬ್ಲೇಡು ತೆಗೆದು ಹಿಂದಿನ ಗಾಜಿನ ಹತ್ತಿರ ಹೋದ. ಮೊದಲು ಏಳು, ಆಮೇಲೆ ಒಂದು ಸೊನ್ನೆ, ಇನ್ನೊಂದು ಸೊನ್ನೆ. ಬಿಸಿಲಿಗೆ ಒಣಗಿದ ಅಂಟು ಸುಲಭಕ್ಕೆ ಬಿಡಲಿಲ್ಲ. ಕೆರೆಯುವಷ್ಟು ಹೊತ್ತೂ ಸ್ಪೀಕರುಗಳು ಒಂದೊಂದಾಗಿ ನಿಂತವು.

“ಐನೂರ ಅರವತ್ತು,” ಎಂದ ತಿರುಗಿ, ಗಟ್ಟಿಯಾಗಿ.

“ಮಿಕ್ಕ ನೂರ ನಲವತ್ತು ಎಲ್ಲಿ ಹೋಯ್ತಪ್ಪಾ?” ಗುಂಪಿನಿಂದ ಯಾರೋ ಕೂಗಿದರು.

“ನಮ್ಮತ್ತೆ,” ಎಂದ ಎಲಿಸೆಯೊ. “ತೂಗೋವಾಗ ತೊಟ್ಟೀಲಿ ಕೂತಿದ್ರು. ಅವ್ರ ಅಕ್ಕ ಚೋನಾನೂ ಇದ್ರು.”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದ ನಗೆಗೆ ಕಬ್ಬಿನ ಗದ್ದೆಯಿಂದ ಹಕ್ಕಿಗಳೆಲ್ಲ ಹಾರಿದವು. ತೆಂಚಾ ಅಜ್ಜಿ ಎದ್ದು ನಿಂತು, ಹಾರ ಹಾಕಿಸಿಕೊಳ್ಳುವವರ ಗತ್ತಿನಲ್ಲಿ ನಾಲ್ಕೂ ದಿಕ್ಕಿಗೆ ತಲೆ ಬಾಗಿದರು. ವಿಚಿತ್ರವೆಂದರೆ ಎಲಿಸೆಯೊಗೂ ನಗು ಬಂತು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದುಹೋಯಿತು.

“ಆದ್ರೂ ನನಗಿಂತ ಅರವತ್ತು ಜಾಸ್ತೀನೇ ಆಯ್ತಲ್ಲ,” ಬಾಲ್ದೊಮೆರೊ ಕಣ್ಣೊರೆಸಿಕೊಳ್ಳುತ್ತ ಹೇಳಿದ. “ಉದ್ದ ಕೊಡಿ.”

ಈಗ ಅರಸೇಲಿ ಮುಂದೆ ಬಂದಳು. ಅಪ್ಪನ ಗಾಜಿನ ಮೇಲೆ ಸುಳ್ಳಿರುವಷ್ಟು ಹೊತ್ತು ಎದುರಿನವರ ಸುಳ್ಳು ಹಿಡಿಯುವ ಬಾಯಿ ಅವಳಿಗಿರಲಿಲ್ಲ. “ಮಾವಾ, ಹೆಣ್ಣು ಕೇಳೋಕೆ ಬಂದಿದ್ರಲ್ಲ, ಅವತ್ತು ಇದೇ ಪಟ್ಟೀಲಿ ನಿಮ್ಮ ಗಾಡಿ ಎಷ್ಟು ವೇಗಕ್ಕೆ ಹೋಯ್ತು ಅಂತ ನೀವೇ ಫೋನಲ್ಲಿ ಎಲ್ಲರಿಗೂ ತೋರಿಸಿದ್ರಿ. ನಿಮ್ಮದು ಭಾರಿ ಗಾಡಿ, ತೂಕ ಕಂಪನಿಯವರೇ ಬಾಗಿಲ ಮೇಲೆ ಬರ್ದಿದಾರೆ. ಆ ತೂಕ, ಆ ವೇಗ...” ಎಂದು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. “ಏಳ್ನೂರ ಇಪ್ಪತ್ತು. ಗಾಳಿ ಎಲ್ಲಿಂದ ಬೀಸಿದ್ರೂ.”

 ಬಾಲ್ದೊಮೆರೊನ ಪಕ್ಕದಲ್ಲಿ ನಿಂತಿದ್ದ ನೆಸ್ತೊರ್ ಹೆಮ್ಮೆಯನ್ನು ಮುಚ್ಚಿಡಲಾರದೆ ಬೂಟಿನ ತುದಿ ನೋಡಿದ. “ಅಲ್ರೀ ಬೀಗ್ರೇ,” ಎಂದ ಬಾಲ್ದೊಮೆರೊ, “ಸೊಸೆ ಇನ್ನೂ ಮನೆಗೇ ಬಂದಿಲ್ಲ, ಆಗ್ಲೇ ನನ್ನ ಲೆಕ್ಕ ತೆಗೀತಿದಾಳಲ್ಲ!”

“ಕರ್ಕೊಂಡು ಹೋಗೋದು ನೀವೇ ತಾನೇ, ಅನುಭವಿಸಿ,” ಎಂದ ಎಲಿಸೆಯೊ. ಎಉಸೆಬಿಯೊ ಹೆಜ್ಜೆ ಹಾಕಿ ಒಂದು ಗಾಡಿ ಉದ್ದ ಅಳೆದು, ಸೀಬೆ ಬಣ್ಣದ ಪಿಕಪ್ಪನ್ನು ಮುಂದೆ ನಿಲ್ಲಿಸಿದ.

ಟೋಪಿ ಬಿತ್ತು.

ಎಲಿಸೆಯೊನ ಬಲಗಾಲು ಹಳೆಯ ಚಾಳಿಗೆ ಬಿದ್ದು ನೆಲದವರೆಗೂ ಒತ್ತಲು ಹೊರಟಿತ್ತು. ಅದೇ ಗಳಿಗೆ ಅವನ ಕಿವಿಯಲ್ಲಿ ಹಿಂದಿನ ಗಾಜು ಟಕಟಕ ಬಡಿದಂತಾಯಿತು. ಅತ್ತೆ, ಪಾತ್ರೆ, ಕುದಿಯುವ ನೀರು! ಕಾಲು ಅರ್ಧದಲ್ಲೇ ನಿಂತಿತು. ಗಾಡಿ ಹಿಂದಕ್ಕೆ ಕುಕ್ಕರಿಸಿ, ಟಯರು ನೆಲ ಕಚ್ಚಿ, ಯಾರೋ ಬೆನ್ನಿಗೆ ಅಂಗೈಯಿಟ್ಟು ಒತ್ತಿದ ಹಾಗೆ ಮುಂದೆ ನುಗ್ಗಿತು. ಹೊಗೆ ಇಲ್ಲ, ಕಿರುಚಾಟ ಇಲ್ಲ. “ಹೊಗೆ ಎಲ್ಲಯ್ಯಾ?” ಎಂದು ಯಾರೋ ನಿರಾಸೆಯಿಂದ ಕೂಗಿದ್ದು ಕೇಳಿಸಿತು.

ಹೊಗೆಯೆಲ್ಲ ಹಿಂದೆ ಬಾಲ್ದೊಮೆರೊನ ಬಳಿ ಇತ್ತು. ಅವನ ಏಳುನೂರ ಇಪ್ಪತ್ತೂ ಒಟ್ಟಿಗೆ ಬಿಚ್ಚಿಕೊಂಡು, ಕರಿ ಪಿಕಪ್ಪು ನಿಂತಲ್ಲೇ ಬಾಲ ಬೀಸಿ ಬಿಳಿ ಮೋಡದೊಳಗೆ ಮುಳುಗಿಹೋಗಿತ್ತು. ಎಲಿಸೆಯೊ ಕೋನ್ ದಾಟಿದ. ಈಗ ಪೂರ್ತಿ! ಟರ್ಬೊ ಸಿಳ್ಳೆ ಹಾಕಿತು, ಸ್ಟೀರಿಂಗು ಹಗುರಾಯಿತು, ಕಬ್ಬಿನ ಗದ್ದೆ ಎರಡೂ ಕಡೆ ಹಸಿರು ಗೀಟಾಯಿತು. ಅಷ್ಟರಲ್ಲಿ ಕನ್ನಡಿಯಲ್ಲಿ ಕರಿ ಮೂತಿ ಕಾಣಿಸಿತು. ಅದು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು. ಹಿಡಿತ ಸಿಕ್ಕ ಮೇಲೆ ಅಷ್ಟು ಕುದುರೆಗಳನ್ನು ತಡೆಯುವವರು ಯಾರು? ಬಾಲ್ದೊಮೆರೊನ ಬಂಪರು ಅವನ ಹಿಂದಿನ ಚಕ್ರದ ಸಮಕ್ಕೆ ಬಂತು, ಬಾಗಿಲ ಸಮಕ್ಕೆ ಬಂತು. “ಮಾತೆ ಮರಿಯಾ, ಇನ್ನು ಸ್ವಲ್ಪ, ಇನ್ನು ಸ್ವಲ್ಪ!” ಎಂದು ಎಲಿಸೆಯೊ ಸೀಟಿನಲ್ಲೇ ಮುಂದೆ ಮುಂದೆ ಬಗ್ಗಿದ, ಅವನು ಬಗ್ಗಿದರೆ ಗಾಡಿ ಉದ್ದವಾಗುತ್ತದೆ ಎಂಬಂತೆ.

ಗೆರೆ ದಾಟಿದಾಗ ಸೀಬೆ ಬಣ್ಣದ ಮೂತಿ ಮೊಳದಷ್ಟು ಮುಂದಿತ್ತು.

ಗಾಡಿ ತಿರುಗಿಸಿ ಬರುವಷ್ಟರಲ್ಲಿ ಅರಸೇಲಿ ಪಟ್ಟಿಯ ಮೇಲೆ ಓಡಿಬಂದು ಕಿಟಕಿಯೊಳಗೆ ತಲೆ ತೂರಿಸಿ ಅಪ್ಪನ ಕೆನ್ನೆಗೆ ಮುತ್ತು ಕೊಟ್ಟಿದ್ದಳು. ಹಿಂದೆಯೇ ಬಾಲ್ದೊಮೆರೊ ಬಂದ. ಎರಡು ಅಂಗೈಗಳ ನಡುವೆ ಮೊಳದ ಅಂತರ ಹಿಡಿದು ತೋರಿಸಿದ.

“ಇಷ್ಟೇ ಬೀಗ್ರೇ. ಆ ಒಂದು ಗಾಡಿ ಉದ್ದ ನೀವು ನಂಗೆ ಕೊಟ್ಟಿದ್ರೆ ನಾನು ಗೆಲ್ತಿದ್ದೆ. ಸಮಸಮ ನಿಂತಿದ್ರೂ ನಾನೇ ಗೆಲ್ತಿದ್ದೆ.”

“ಗೊತ್ತು,” ಎಂದ ಎಲಿಸೆಯೊ.

“ಎಂಥ ಜನಾರೀ ನೀವು! ನಿಜ ಹೇಳಿ ಗೆಲ್ತೀರಲ್ಲ. ಇದು ಯಾವ ಸೀಮೆ ನ್ಯಾಯ?” ಎಂದವನೇ ಬಾಲ್ದೊಮೆರೊ ಬಾಗಿಲು ತೆಗೆದು ಅವನನ್ನು ಎಳೆದು ತಬ್ಬಿಕೊಂಡ. ಇಬ್ಬರ ಹೊಟ್ಟೆಗಳೂ ಅಡ್ಡ ಬಂದದ್ದರಿಂದ ಅಪ್ಪುಗೆ ಸ್ವಲ್ಪ ದೂರದಿಂದಲೇ ಆಯಿತು.

ಮದುವೆಯ ದಿನ ಬೆಳಿಗ್ಗೆ ಬಿಸಿಲು ಹದವಾಗಿತ್ತು. ನೆಂಟರ ಹುಡುಗಿಯರು ಪಿಕಪ್ಪಿನ ಹಿಂದಿನ ಗಾಜಿನ ಮೇಲೆ, ಹಳೆಯ ಅಂಕಿಗಳ ಮಸುಕು ಗುರುತಿನ ಮೇಲೆಯೇ, ಬೂಟಿನ ಬಿಳಿ ಪಾಲಿಶಿನಲ್ಲಿ ‘560 + ತೆಂಚಾ’ ಎಂದು ಬರೆದಿದ್ದರು. ತೆಂಚಾ ಅಜ್ಜಿ ತೊಟ್ಟಿಯಲ್ಲಿ ಮರಳಿನ ಚೀಲಗಳ ನಡುವೆ ಕುರ್ಚಿ ಕಟ್ಟಿಸಿಕೊಂಡು, ನೀಲಿ ರೇಷ್ಮೆಯ ಉಡುಪಿನಲ್ಲಿ, ಹೂವಿನ ಬುಟ್ಟಿ ಹಿಡಿದು ಕೂತರು. ಅರಸೇಲಿ ಒಳಗೆ ಕೂತಾಗ ಬಿಳಿ ಲಂಗ ಸೀಟನ್ನೆಲ್ಲ ತುಂಬಿ, ಗೇರಿನ ಹಿಡಿಯನ್ನೂ ಮುಚ್ಚಿ, ಎಲಿಸೆಯೊನ ಮೊಣಕಾಲಿನವರೆಗೂ ಬಂತು. ಅವನು ಅದನ್ನು ಎರಡು ಬೆರಳಿನಿಂದ ಎತ್ತಿ ಅವಳ ಕಡೆ ಸರಿಸಿದ.

ಮನೆಯಿಂದ ಚರ್ಚಿಗೆ ಕಾಲುವೆ ದಂಡೆಯ ರಸ್ತೆ. ಆ ರಸ್ತೆಯಲ್ಲಿ ಅವನು ಎಷ್ಟು ಸಲ ಟಯರು ಸುಟ್ಟಿದ್ದನೋ ಲೆಕ್ಕವಿಲ್ಲ. ಇವತ್ತು ಪಿಕಪ್ಪು ಎತ್ತಿನ ಗಾಡಿಯ ನಡಿಗೆಯಲ್ಲಿ ಹೊರಟಿತು. ನಾಯಿಯೊಂದು ಪಕ್ಕದಲ್ಲಿ ನಡೆಯುತ್ತ ಬಂದು, ಬೇಸರವಾಗಿ, ಮುಂದೆ ಹೋಗಿಬಿಟ್ಟಿತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಬಾರಿಸಿದವು. ಅವುಗಳಲ್ಲಿ ಎಲ್ಲಕ್ಕಿಂತ ಜೋರು ಬಾಲ್ದೊಮೆರೊನದು. ದೂರದಲ್ಲಿ ಚರ್ಚಿನ ಗಂಟೆ ಕೇಳಿಸಿತು.

“ಅಪ್ಪಾ, ಗಂಟೆ ಹೊಡೀತಿದೆ. ಪಾದ್ರಿ ಕಾಯ್ತಿರ್ತಾರೆ. ಸ್ವಲ್ಪ ಒತ್ತಿ.”

ಎಲಿಸೆಯೊ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. “ಹಿಡಿತ ಸಿಗ್ತಿಲ್ಲ ಮಗಳೇ,” ಎಂದ. 

ಅರಸೇಲಿ ಕಿಟಕಿಯ ಹೊರಗೆ ನೋಡಿದಳು. ರಸ್ತೆ ಒಣಗಿ ಬಿಳಿಚಿಕೊಂಡಿತ್ತು. ಟಯರುಗಳ ಗಾಳಿ ಅವಳೇ ನೋಡಿದ್ದಳು, ಹಿಂದೆ ಅಷ್ಟೂ ಮರಳಿನ ಚೀಲಗಳಿದ್ದವು, ಅವುಗಳ ನಡುವೆ ಅಜ್ಜಿ ಇದ್ದರು. ಅವಳು ಬೂಟು ಕಳಚಿ ಕಾಲು ಚಾಚಿ, ಅಪ್ಪನ ಭುಜಕ್ಕೆ ತಲೆಯಿಟ್ಟಳು; ಒಪ್ಪವಾಗಿ ಕಟ್ಟಿದ್ದ ಕೂದಲು ಅಲ್ಲೇ ಒಂದಿಷ್ಟು ಸಡಿಲಾಯಿತು.

“ಹೌದಪ್ಪಾ,” ಎಂದಳು. “ರಸ್ತೆ ತುಂಬಾ ಜಾರ್ತಿದೆ. ನಿಧಾನಕ್ಕೇ ಹೋಗಿ.”